ಬೇಗ ಬಂದವನಿಗೂ ದಂಡ

ಚಿತ್ರದುರ್ಗದ ಕೋಟೆಯನ್ನು ಹತ್ತಿ ನೋಡಿದವರು ಒಂದು ವಿಶೇಷವನ್ನು ಗಮನಿಸಿರುತ್ತಾರೆ. ಅಲ್ಲಿಯ ಬಾಗಿಲುಗಳು ಒಂದರ ನೇರಕ್ಕೆ ಮತ್ತೊಂದು ಇಲ್ಲ. ಒಂದು ಬಾಗಿಲನ್ನು ದಾಟಿದ ಕೂಡಲೆ ಹಾದಿ ಹೊರಳುತ್ತದೆ. ಎತ್ತರದ ಕಲ್ಲುಗೋಡೆಗಳ ನಡುವೆ ಹಾವಿನಂತೆ ಸುತ್ತುತ್ತದೆ. ಮುಂದಿನ ಬಾಗಿಲು ಎಲ್ಲಿದೆಯೆಂಬುದನ್ನು ಕೊನೆಯ ಗಳಿಗೆಯವರೆಗೂ ಬಿಟ್ಟುಕೊಡುವುದಿಲ್ಲ. ನುಗ್ಗಿ ಬರುವ ಆನೆಗೂ ಓಡಿ ಬರುವ ಕುದುರೆಗೂ ವೇಗವೇ ಸಿಕ್ಕದಂತೆ ಮಾಡುವುದು ಇದರ ಉದ್ದೇಶ. ಪಾಳೆಯಗಾರರಲ್ಲಿ ಕೊನೆಯವನಾದ ಮದಕರಿನಾಯಕನಿಂದ ಹೈದರಾಲಿ ಈ ಕೋಟೆಯನ್ನು ಕಸಿದುಕೊಂಡದ್ದು 1779ರಲ್ಲಿ. ಅದಕ್ಕೆ ಮೊದಲು ಅವನ ಸೇನೆ ಒಂದಕ್ಕಿಂತ ಹೆಚ್ಚು ಸಲ ಈ ಬೆಟ್ಟದ ಬುಡಕ್ಕೆ ಬಂದು ಕುಳಿತಿತ್ತು. ಅವಸರದವರಿಗೆ ಈ ಊರು ಎಂದೂ ಸುಲಭವಾಗಿ ಒಲಿದುದಲ್ಲ.

ಆ ಕೋಟೆಯ ಕೆಳಗಿನ ಊರಿನಲ್ಲಿ ಇಂದು ಕಾಲೇಜಿನ ಹುಡುಗರ ಬಾಯಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತು ಮೋಟಾರ್ ಸೈಕಲ್ ರ್ಯಾಲಿ. ಈ ರ್ಯಾಲಿ ಎಂಬ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಯೋ ಅಷ್ಟೇ ಸಡಿಲವಾಗಿಯೂ ಬಳಸುತ್ತೇವೆ. ಮೊದಲ ಬಾರಿಗೆ ರ್ಯಾಲಿಯೊಂದಕ್ಕೆ ಹೋಗಬೇಕೆಂದಿರುವ ತರುಣನು ತಾನು ಹೋಗುತ್ತಿರುವುದು ಯಾವುದಕ್ಕೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಈ ಒಂದೇ ಹೆಸರಿನಲ್ಲಿ ನಮ್ಮಲ್ಲಿ ಮೂರು ಬೇರೆ ಬೇರೆ ವ್ಯವಹಾರಗಳು ನಡೆಯುತ್ತವೆ.

ಮೊದಲನೆಯದು ಮೆರವಣಿಗೆ. ಚುನಾವಣೆ ಬಂದಾಗ, ಮಹನೀಯರೊಬ್ಬರ ಜಯಂತಿ ಬಂದಾಗ, ಹಬ್ಬದ ಮುನ್ನಾದಿನ, ಹೆಲ್ಮೆಟ್ ಧರಿಸಿರೆಂದು ಸಾರುವುದಕ್ಕಾಗಿ, ನೂರಾರು ವಾಹನಗಳು ಬಾವುಟ ಕಟ್ಟಿಕೊಂಡು ಊರಿನ ದೊಡ್ಡ ಬೀದಿಯಲ್ಲಿ ಮೆಲ್ಲನೆ ಸಾಗುತ್ತವೆ. ಇದನ್ನು ಜಾಥಾ ಎನ್ನುವುದೂ ಉಂಟು. ಜಿಲ್ಲೆಯ ಊರುಗಳಲ್ಲಿ ಬಹುಮಂದಿ ಕಂಡಿರುವ ರ್ಯಾಲಿ ಇದೊಂದೇ.

ಎರಡನೆಯದು ಕೂಟ. ಒಂದೇ ಬಗೆಯ ವಾಹನದ ಮೇಲೆ ಮಮತೆಯುಳ್ಳವರು ದೂರದೂರದಿಂದ ಬಂದು ಒಂದೆಡೆ ಸೇರುವುದು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಗಾಡಿಗಳೂ, 1973ರಿಂದ ಯೆಜ್ದಿ ಎಂಬ ಹೆಸರಿನವೂ ತಯಾರಾದವು. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಓಡುತ್ತಲೇ ಇವೆ. ಜುಲೈ ತಿಂಗಳ ಎರಡನೆಯ ಭಾನುವಾರದಂದು ಆಚರಿಸುವ ಜಾವಾ ದಿನಕ್ಕೆ ಅವುಗಳ ಒಡೆಯರು ಬೆಂಗಳೂರಿನಲ್ಲಿ ನೆರೆಯುತ್ತಾರೆ. ಅಲ್ಲಿ ಗೆಲ್ಲುವವರಿಲ್ಲ, ಸೋಲುವವರಿಲ್ಲ. ಒಬ್ಬರ ಗಾಡಿಯನ್ನು ಮತ್ತೊಬ್ಬರು ಸುತ್ತಿ ಸುತ್ತಿ ನೋಡುವುದು, ಸಿಕ್ಕದ ಬಿಡಿಭಾಗ ಎಲ್ಲಿ ಸಿಕ್ಕೀತೆಂದು ವಿಚಾರಿಸುವುದು, ಇವೇ ಅಲ್ಲಿಯ ಕಲಾಪ.

ಮೂರನೆಯದು ಸ್ಪರ್ಧೆ, ಅದರಲ್ಲಿಯೂ ಎರಡು ಪಂಗಡ. ಒಂದರಲ್ಲಿ ಜನಸಂಚಾರವನ್ನು ಪೂರ್ತಿ ತಡೆದ ಹಾದಿಯಲ್ಲಿ ನುರಿತ ಸವಾರರು ವೇಗವನ್ನೇ ಪಣವಾಗಿಟ್ಟು ಓಡಿಸುತ್ತಾರೆ. ಇನ್ನೊಂದರಲ್ಲಿ ಎಲ್ಲರೂ ನಡೆದಾಡುವ ರಸ್ತೆಯಲ್ಲಿಯೇ, ಕಾನೂನಿನ ಮಿತಿಯೊಳಗೆ, ಇಷ್ಟು ದೂರವನ್ನು ಇಷ್ಟೇ ಹೊತ್ತಿನಲ್ಲಿ ಕ್ರಮಿಸಬೇಕೆಂಬ ಲೆಕ್ಕದ ಮೇಲೆ ಸಾಗುತ್ತಾರೆ. ಇದಕ್ಕೆ ಕಾಲ-ವೇಗ-ದೂರದ ರ್ಯಾಲಿ ಎಂದು ಹೆಸರು. ಮೂರು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಟಿ.ಎಸ್.ಡಿ. ಎಂದೇ ಸವಾರರು ಕರೆಯುತ್ತಾರೆ. ಹೊಸಬನು ಕಾಲಿಡಬಹುದಾದ ಸ್ಪರ್ಧೆ ಇದು. ನಾನು ಹೇಳಹೊರಟಿರುವುದೂ ಇದನ್ನೇ ಕುರಿತು.

ಪದದ ಮೂಲಕ್ಕೆ ಹೋದರೆ ಇನ್ನೊಂದು ಬೆಳಕು ಸಿಕ್ಕುತ್ತದೆ. ಫ್ರೆಂಚ್ ಮೂಲದ ಈ ಮಾತಿಗೆ ಚೆದುರಿದವರು ಮತ್ತೆ ಒಂದುಗೂಡುವುದು ಎಂದು ಅರ್ಥ. 1911ರಲ್ಲಿ ಮಾಂಟೆ ಕಾರ್ಲೋ ರ್ಯಾಲಿ ಮೊದಲಾದಾಗ ಯೂರೋಪಿನ ಬೇರೆ ಬೇರೆ ನಗರಗಳಿಂದ ಹೊರಟವರು ಒಂದು ಊರಿನಲ್ಲಿ ಬಂದು ಕೂಡಿದರು. ಆದುದರಿಂದಲೇ ಅದಕ್ಕೆ ಆ ಹೆಸರು ಒಪ್ಪಿತು. ನಾನು ಇದನ್ನು ತರಗತಿಯಲ್ಲಿ ‘ಮರುಕೂಟ’ ಎಂದು ಕನ್ನಡಿಸಿದಾಗ ಹುಡುಗರು ನಕ್ಕರು. ಆದರೆ ಓಟವೆಂಬ ಅರ್ಥ ಆ ಪದದ ಹೊಟ್ಟೆಯಲ್ಲಿ ಇಲ್ಲವೆಂಬುದು ಅವರ ತಲೆಗೆ ಹೊಕ್ಕಿತು.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಹೇಗೆ ಅಂಟಿಕೊಂಡಿತೆಂದು ವಾಚಕರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ತೀರಿಕೊಂಡ ತಂದೆ ಬಿಟ್ಟುಹೋದ ಯೆಜ್ದಿ ಗಾಡಿಯನ್ನು ಅವನು ದೇವರ ಪೆಟ್ಟಿಗೆಯಂತೆ ಕಾಪಾಡಿಕೊಂಡು ಬಂದವನು. ಹವ್ಯಾಸಿ ಸವಾರರ ಸಣ್ಣ ಬಳಗವೊಂದು ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಸುತ್ತುವ ಒಂದು ದಿನದ ರ್ಯಾಲಿಯನ್ನು ಏರ್ಪಡಿಸಿದಾಗ ಅವನು ಹೆಸರು ಕೊಟ್ಟನು. ಅವನ ತಾಯಿ ನಮ್ಮ ಮನೆಯ ಬಾಗಿಲಿಗೆ ಬಂದರು.

“ರೇಸಿಗೆ ಹೋಗ್ತಾನಂತೆ ಸಾರ್. ಅವರಪ್ಪ ಇದ್ದಿದ್ರೆ ನಾನು ನಿಮ್ಮ ಹತ್ರ ಬರ್ತಿರಲಿಲ್ಲ. ನೀವಾದ್ರೂ ಒಂದ್ಮಾತು ಹೇಳ್ರಿ.”

ಆ ತಾಯಿಯ ಅಂಜಿಕೆ ಬರಿಯ ಅಂಜಿಕೆಯಲ್ಲ. 2022ನೆಯ ವರ್ಷವೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿ ಇದ್ದವರು. ಸಾವಿಗೆ ಕಾರಣವಾದುವುಗಳಲ್ಲಿ ಅತಿವೇಗದ್ದೇ ಸಿಂಹಪಾಲು, ನೂರಕ್ಕೆ 71. ನಮ್ಮ ಹೆದ್ದಾರಿಯ ವಿಷಯವಂತೂ ಹೇಳಬೇಕಾದುದೇ ಇಲ್ಲ. ದುರ್ಗವನ್ನು ದಾಟಿ ದಾವಣಗೆರೆಯತ್ತ ಸಾಗುವಾಗ ಸಿಕ್ಕುವ ಆನಗೋಡಿನ ಬಳಿ 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಅಪಘಾತದಲ್ಲಿ ತೀರಿಕೊಂಡದ್ದನ್ನು ಈ ಕಡೆಯ ಜನ ಇಂದಿಗೂ ನೆನೆಯುತ್ತಾರೆ.

“ಇದು ರೇಸಲ್ಲವಮ್ಮ. ನಾನೇ ಅವನ ಹಿಂದೆ ಕುಳಿತು ಹೋಗಿ ಬರುತ್ತೇನೆ” ಎಂದೆನು. ದಾರಿ ಓದಿ ಹೇಳಲು ಒಬ್ಬ ಜೊತೆಗಾರನಿರಬಹುದೆಂದು ಆ ರ್ಯಾಲಿಯ ನಿಯಮದಲ್ಲಿ ಇತ್ತು. ಹೀಗೆ, ಪಂಪನನ್ನೂ ಹರಿಹರನನ್ನೂ ಓದಿಸುವ ನಾನು ನಕ್ಷೆ ಓದುವವನಾದೆನು.

ಹೊರಡುವ ಮೊದಲು

ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನಗಳ ಕಾಯಿದೆಯ 189ನೆಯ ಕಲಮಿನ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಓಟದ ಪಂದ್ಯವನ್ನಾಗಲಿ ವೇಗದ ಪರೀಕ್ಷೆಯನ್ನಾಗಲಿ ನಡೆಸುವುದೂ ಅದರಲ್ಲಿ ಭಾಗವಹಿಸುವುದೂ ಅಪರಾಧ. ಅದೇ ಕಾಯಿದೆಯ 129ನೆಯ ಕಲಮು ಸವಾರನಿಗೂ ಹಿಂದೆ ಕುಳಿತವನಿಗೂ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ. ದೇಶದಲ್ಲಿ ಮೋಟಾರು ಕ್ರೀಡೆಗಳ ಮೇಲುಸ್ತುವಾರಿ 1971ರಲ್ಲಿ ಸ್ಥಾಪಿತವಾದ ಭಾರತೀಯ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟದ್ದು. ಹೆಸರು ಕೊಡುವ ಮೊದಲು, ಪೊಲೀಸರಿಗೆ ತಿಳಿಸಿದ್ದೀರಾ, ಒಪ್ಪಿಗೆಯಿದೆಯೇ, ವೈದ್ಯರ ಗಾಡಿ ಇರುತ್ತದೆಯೇ ಎಂದು ಸಂಘಟಕರನ್ನು ಕೇಳಲು ಸಂಕೋಚಪಡಬೇಡಿ. ಈ ಪ್ರಶ್ನೆಗೆ ಮುಖ ಸಿಂಡರಿಸುವವರ ರ್ಯಾಲಿಗೆ ಹೋಗದಿರುವುದೇ ಲೇಸು.

ರ್ಯಾಲಿಯ ಹಿಂದಿನ ಸಂಜೆ ವಾಹನದ ತಪಾಸಣೆ. ಇದನ್ನು ಹೊಸಬರು ಹಗುರವಾಗಿ ಎಣಿಸುತ್ತಾರೆ. ಚಾಲನೆಯ ಪರವಾನಗಿ, ವಿಮೆ, ಹೊಗೆ ತಪಾಸಣೆಯ ಪತ್ರ, ಇವು ಮೊದಲು. ಆಮೇಲೆ ಬ್ರೇಕು, ಟೈರಿನ ಸವೆತ, ಹಿಂದಿನ ಮುಂದಿನ ದೀಪಗಳು, ಹಾರನ್ನು, ಸರಪಳಿಯ ಬಿಗಿತ. ಹೆಲ್ಮೆಟ್ಟಿನ ಮೇಲೆ ಐಎಸ್‌ಐ ಗುರುತು ಇಲ್ಲದಿದ್ದರೆ ಅಲ್ಲಿಂದಲೇ ಹಿಂದಕ್ಕೆ. ಸೈಲೆನ್ಸರನ್ನು ಬಿಚ್ಚಿ ಸದ್ದು ಹೆಚ್ಚಿಸಿಕೊಂಡು ಬಂದಿದ್ದ ಇಬ್ಬರನ್ನು ನಮ್ಮ ಕಣ್ಣೆದುರಿಗೇ ಮನೆಗೆ ಕಳುಹಿಸಿದರು. ನಮ್ಮ ಯೆಜ್ದಿಯ ಸುತ್ತ ಮಾತ್ರ ಗುಂಪು ಕೂಡಿತು. ಕಾಲಿನಿಂದ ಒದ್ದು ಚಾಲೂ ಮಾಡುವ ಸನ್ನೆಯೇ ಮುಂದಕ್ಕೆ ಮಡಿಸಿದರೆ ಗೇರಿನ ಸನ್ನೆಯೂ ಆಗುವುದನ್ನು ಕಂಡು, ಇಂದಿನ ಹೊಸ ಗಾಡಿಗಳ ಹುಡುಗರು ಬೆರಗಾದರು. ಅದರ ಪೆಟ್ರೋಲಿಗೆ ಎಣ್ಣೆ ಬೆರಸಬೇಕು. ಆದುದರಿಂದ ಎಣ್ಣೆಯ ಸೀಸೆ, ಒಂದು ಹೆಚ್ಚಿನ ಸ್ಪಾರ್ಕ್ ಪ್ಲಗ್ಗು, ಪಂಕ್ಚರಿನ ಸಾಮಾನು ನಮ್ಮ ಚೀಲದಲ್ಲಿ ಇದ್ದವು.

ಉಡುಪಿನ ವಿಷಯದಲ್ಲಿ ಒಂದೇ ಸೂತ್ರ: ಬಿದ್ದರೆ ಮೊದಲು ನೆಲಕ್ಕೆ ತಗಲುವ ಅಂಗಗಳು ಯಾವುವೋ ಅವು ಮುಚ್ಚಿರಬೇಕು. ಅಂಗೈ, ಮೊಣಕೈ, ಮೊಣಕಾಲು, ಕಣಕಾಲು. ಚಪ್ಪಲಿಯಲ್ಲಿ ಬಂದವನು ಸವಾರನಲ್ಲ, ಪ್ರೇಕ್ಷಕ.

ಕಾಯುವುದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡು ಹೋಗಿ. ರ್ಯಾಲಿಯೆಂದರೆ ಇಡೀ ದಿನ ಗಾಳಿಯನ್ನು ಸೀಳಿಕೊಂಡು ಹೋಗುವುದೆಂದು ಭಾವಿಸಿದವರಿಗೆ ನಿರಾಶೆಯಾಗುತ್ತದೆ. ಕಾಗದಪತ್ರಕ್ಕೆ ಕಾಯಬೇಕು, ತಪಾಸಣೆಗೆ ಕಾಯಬೇಕು, ಸೂಚನೆಗಳ ಸಭೆಗೆ ಕಾಯಬೇಕು. ಒಬ್ಬೊಬ್ಬರನ್ನಾಗಿ ಒಂದು ನಿಮಿಷದ ಅಂತರದಲ್ಲಿ ಬಿಡುವುದರಿಂದ ಮೂವತ್ತನೆಯವನು ಮೊದಲನೆಯವನಿಗಿಂತ ಅರ್ಧ ಗಂಟೆ ತಡವಾಗಿ ಹೊರಡುತ್ತಾನೆ. ಮುಂದಿನವನು ಕಣ್ಣಿಗೆ ಕಾಣುವುದೇ ಇಲ್ಲ, ಹಿಂದಿನವನೂ ಕಾಣನು. ಯಾರನ್ನು ಸೋಲಿಸಬೇಕೆಂದು ಬಂದೆವೋ ಅವರನ್ನು ನೋಡದೆಯೇ ದಿನ ಕಳೆಯುತ್ತದೆ.

ಹೂವಿನ ಹೆಸರಿನ ನಕ್ಷೆ

ಹೊರಡುವುದಕ್ಕೆ ಸ್ವಲ್ಪ ಮೊದಲು ಕೈಗೆ ಒಂದು ಪುಸ್ತಕ ಬರುತ್ತದೆ. ಅದರಲ್ಲಿ ಊರುಗಳ ಹೆಸರು ವಿರಳ. ಪ್ರತಿಯೊಂದು ಸಾಲಿನಲ್ಲಿಯೂ ಎರಡು ದೂರಗಳು: ಹೊರಟಲ್ಲಿಂದ ಎಷ್ಟು, ಹಿಂದಿನ ತಿರುವಿನಿಂದ ಎಷ್ಟು ಎಂದು. ಪಕ್ಕದಲ್ಲಿ ಒಂದು ಸಣ್ಣ ಗೀರುಚಿತ್ರ. ಚಿತ್ರದ ಬುಡದಲ್ಲಿ ಒಂದು ಬೊಟ್ಟು; ನಾವು ಇರುವುದು ಅಲ್ಲಿ. ತುದಿಯಲ್ಲಿ ಬಾಣ, ಹೋಗಬೇಕಾದುದು ಅತ್ತ. ಉಳಿದ ಗೀಟುಗಳೆಲ್ಲ ಹಿಡಿಯಬಾರದ ದಾರಿಗಳು. 1949ರಲ್ಲಿ ಮೊದಲಾದ ಹಾಲೆಂಡಿನ ಟ್ಯೂಲಿಪ್ ರ್ಯಾಲಿಯಿಂದ ಈ ಪದ್ಧತಿ ಬಳಕೆಗೆ ಬಂದುದರಿಂದ ಇದಕ್ಕೆ ಟ್ಯೂಲಿಪ್ ಎಂದೇ ಹೆಸರಾಗಿದೆ. ಜೇಬಿನ ಫೋನು ಮಾತಾಡಿ ದಾರಿ ತೋರಿಸುವ ಈ ಕಾಲದಲ್ಲಿ, ಕಾಗದದ ಮೇಲಿನ ಬೊಟ್ಟನ್ನು ನಂಬಿ ಹೋಗುವುದರಲ್ಲಿ ಒಂದು ಸುಖವಿದೆ.

ಇನ್ನು ಲೆಕ್ಕ. ಗಂಟೆಗೆ 36 ಕಿಲೋಮೀಟರ್ ಸರಾಸರಿ ಎಂದು ಪುಸ್ತಕ ಹೇಳಿದರೆ, ಒಂದು ಕಿಲೋಮೀಟರಿಗೆ ಸರಿಯಾಗಿ 100 ಸೆಕೆಂಡು. 30 ಎಂದರೆ ಎರಡು ನಿಮಿಷ. 24 ಎಂದರೆ ಎರಡೂವರೆ ನಿಮಿಷ. ಇಷ್ಟು ಬಾಯಿಪಾಠವಿದ್ದರೆ ಮೊದಲ ರ್ಯಾಲಿಗೆ ಸಾಕು. ಆದರೆ ನಮ್ಮ ಗಾಡಿಯ ಮೀಟರು ಸಂಘಟಕರ ಮೀಟರಿನೊಂದಿಗೆ ಒಪ್ಪುವುದಿಲ್ಲ. ಅದಕ್ಕಾಗಿ ಮೊದಲೇ ಅಳೆದ ಒಂದು ದೂರವನ್ನು ಕೊಟ್ಟಿರುತ್ತಾರೆ. ಅವರ 10 ಕಿಲೋಮೀಟರು ನಮ್ಮ ಯೆಜ್ದಿಯ ಮೀಟರಿನಲ್ಲಿ 10.4 ಆಯಿತು. ಅಲ್ಲಿಂದ ಮುಂದೆ ನಮ್ಮ ಮೀಟರು ತೋರಿಸಿದ ಪ್ರತಿಯೊಂದು ಅಂಕಿಯನ್ನೂ ಈ ಪ್ರಮಾಣದಲ್ಲಿ ತಗ್ಗಿಸಿ ಹೇಳುವುದು ನನ್ನ ಪಾಲಿನ ಕೆಲಸ.

ಹಾದಿಯಲ್ಲಿ ಅಲ್ಲಲ್ಲಿ ಠಾಣೆಗಳು. ಕೆಲವು ಪುಸ್ತಕದಲ್ಲಿ ಹೇಳಿರುವಂಥವು, ಕೆಲವು ಗುಪ್ತ. ಠಾಣೆಯವನು ನಮ್ಮ ಚೀಟಿಯಲ್ಲಿ ಬಂದ ಹೊತ್ತನ್ನು ಬರೆದುಕೊಡುತ್ತಾನೆ. ನಮ್ಮ ರ್ಯಾಲಿಯಲ್ಲಿ ಒಂದು ನಿಮಿಷ ತಡವಾದರೆ ಒಂದು ಅಂಕ ದಂಡ. ಒಂದು ನಿಮಿಷ ಬೇಗ ಬಂದರೆ ಎರಡು. ಠಾಣೆ ಕಣ್ಣಿಗೆ ಬಿದ್ದಮೇಲೆ ನಿಂತು ಹೊತ್ತು ಕಳೆಯುವಂತೆಯೂ ಇಲ್ಲ. ಸಭೆಯಲ್ಲಿ ಇದನ್ನು ಕೇಳಿದಾಗ ಹೊಸಬರ ಮುಖಗಳು ಇಳಿದವು. “ಸಾರ್, ಬೇಗ ಬಂದ್ರೂ ದಂಡಾನಾ?” ಎಂದು ನನ್ನ ಸವಾರನೂ ಕೇಳಿದನು. ತಡವಾದವನು ಮಿತಿ ಮೀರಿದನೋ ಇಲ್ಲವೋ ಹೇಳಲಾಗದು. ಬೇಗ ಬಂದವನು ಎಲ್ಲಿಯೋ ಒಂದೆಡೆ ಗೊತ್ತುಮಾಡಿದ ವೇಗವನ್ನು ಮೀರಿಯೇ ಬಂದಿರಬೇಕು. ದಂಡ ಇಮ್ಮಡಿಯಾಗಿರುವುದು ಅದಕ್ಕೆ.

ದುರ್ಗದಿಂದ ಮಾರಿಕಣಿವೆಗೆ

ಸಂಕ್ರಾಂತಿಗೆ ಹಿಂದಿನ ಭಾನುವಾರ, ಬೆಳಗಿನ ಏಳು ಗಂಟೆ. ಮಾಗಿಯ ಮಂಜು ಕೋಟೆಯ ಬಂಡೆಗಳ ಮೇಲೆ ಹತ್ತಿಯಂತೆ ಕುಳಿತಿತ್ತು. ನಮ್ಮದು ಹದಿನಾಲ್ಕನೆಯ ಸರದಿ. ಹಿರಿಯೂರಿನವರೆಗಿನ ಸುಮಾರು 40 ಕಿಲೋಮೀಟರು ರಾಷ್ಟ್ರೀಯ ಹೆದ್ದಾರಿಯಾದುದರಿಂದ ಅಲ್ಲಿ ಕಾಲದ ಪರೀಕ್ಷೆಯಿಲ್ಲ. ಬೇಕಾದಷ್ಟು ಹೊತ್ತು ಕೊಟ್ಟು, ಎಡಬದಿಯನ್ನು ಬಿಡದೆ ಬನ್ನಿ ಎಂದಿದ್ದರು. ಐಮಂಗಲವನ್ನು ದಾಟುವಾಗ ಲಾರಿಗಳ ಸಾಲು ಪಕ್ಕದಲ್ಲಿ ಹಾಯುತ್ತಿತ್ತು. ದೊಡ್ಡ ಲಾರಿಯೊಂದು ಮುಂದೆ ಹೋದಾಗ ಅದರ ಗಾಳಿ ಮೊದಲು ಹೊರಕ್ಕೆ ನೂಕಿ ಮರುಕ್ಷಣವೇ ಒಳಕ್ಕೆ ಸೆಳೆಯುತ್ತದೆ. ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ನಿಂತಿರುವ ಸೀಮೆ ಇದು. ಆಷಾಢದಲ್ಲಿ ಬಂದರೆ ಅಡ್ಡಗಾಳಿಯೇ ಗಾಡಿಯನ್ನು ಓರೆಮಾಡುತ್ತದೆ. ಆಗ ಹಿಡಿಯನ್ನು ಬಿಗಿಯಾಗಿ ಹಿಡಿದು ಹೋರಾಡದೆ, ವೇಗ ತಗ್ಗಿಸಿ ಮೈಯನ್ನು ಸಡಿಲ ಬಿಡಬೇಕೆಂದು ಅನುಭವಿಗಳು ಹೇಳುತ್ತಾರೆ.

ಹಿರಿಯೂರು ವೇದಾವತಿಯ ದಡದ ಊರು, ತೇರುಮಲ್ಲೇಶ್ವರನ ಊರು. ಅಲ್ಲಿ ಹೆದ್ದಾರಿಯನ್ನು ಬಿಟ್ಟು ಮಾರಿಕಣಿವೆಯತ್ತ ತಿರುಗಿದಾಗ ಗಡಿಯಾರದ ಲೆಕ್ಕ ಆರಂಭವಾಯಿತು. ಬಾಬಾಬುಡನ್ ಗಿರಿಗಳಲ್ಲಿ ಹುಟ್ಟಿ ಬರುವ ವೇದಾವತಿಯನ್ನು ಎರಡು ಬೆಟ್ಟಗಳ ನಡುವೆ ತಡೆದು ನಿಲ್ಲಿಸಿರುವ ವಾಣಿವಿಲಾಸ ಸಾಗರ ಇಲ್ಲಿಯದು. 1898ರಲ್ಲಿ ಕೆಲಸ ತೊಡಗಿ 1907ರಲ್ಲಿ ಮುಗಿಯಿತು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತಿತು. ಜನರ ಬಾಯಲ್ಲಿ ಮಾತ್ರ ಕಣಿವೆ ಮಾರಮ್ಮನ ಹೆಸರೇ ನಿಂತಿದೆ. ಈ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಅನಂತರ 2025ರ ಜನವರಿಯಲ್ಲಿ ಇನ್ನೊಮ್ಮೆ. ಅಜ್ಜಂದಿರು ಕಂಡುದನ್ನು ಮೊಮ್ಮಕ್ಕಳು ಕಾಣುವವರೆಗೆ ಕಾದ ನೀರು ಅದು. ನಿಂತು ನೋಡುವುದಕ್ಕೆ ಗಡಿಯಾರ ಬಿಡಲಿಲ್ಲ. ಮೊದಲ ರ್ಯಾಲಿಗೆ ಹೋಗುವವರು ಇದನ್ನೂ ತಿಳಿದಿರಬೇಕು: ಊರು ನೋಡುವ ಪ್ರವಾಸವೇ ಬೇರೆ, ರ್ಯಾಲಿಯೇ ಬೇರೆ. ನಾನು ಕಂಡದ್ದು ಬೆಟ್ಟಗಳ ಸಂದಿಯಲ್ಲಿ ಒಂದು ಮಿಂಚು ನೀಲಿ, ಅಷ್ಟೆ.

ಒಕ್ಕಣೆಯ ರಸ್ತೆ

ಹೊಸದುರ್ಗದ ಕಡೆಯ ಹಳ್ಳಿಹಾದಿಯನ್ನು ಹಿಡಿದಮೇಲೆ ಮಾಗಿಯ ರ್ಯಾಲಿಯ ನಿಜವಾದ ಪರೀಕ್ಷೆ ಎದುರಾಯಿತು. ರಸ್ತೆಯ ತುಂಬ ಹುರುಳಿ, ಕೆಲವೆಡೆ ರಾಗಿಯ ತೆನೆಹುಲ್ಲು. ಬಸ್ಸು ಲಾರಿಗಳ ಚಕ್ರ ತುಳಿದು ಒಕ್ಕಣೆಯಾಗಲೆಂದು ರೈತರು ಹಾಸಿರುತ್ತಾರೆ. ನಾಲ್ಕು ಚಕ್ರದವರಿಗೆ ಅದು ಮೆತ್ತೆ. ಎರಡು ಚಕ್ರದವರಿಗೆ ಎಣ್ಣೆ ಸುರಿದ ಬಂಡೆ. ಅದರ ಮೇಲೆ ಬ್ರೇಕು ಮುಟ್ಟಬಾರದು, ಹೊರಳಬಾರದು. ಬರುವ ಮೊದಲೇ ವೇಗ ಇಳಿಸಿ ನೇರವಾಗಿ ದಾಟಬೇಕು. ಇದರ ಜೊತೆಗೆ ಕುರಿಯ ಮಂದೆಗಳು. ಒಂದು ಕುರಿ ಅಡ್ಡ ಬಂದಿತೆಂದರೆ ಉಳಿದುವೂ ಬಂದೇ ಬರುತ್ತವೆ. ಕುರಿಗಾಹಿಯ ಶಿಳ್ಳಿಗೆ ಕಾಯುವುದೊಂದೇ ಮಾರ್ಗ. ಗಂಟೆಗೆ 36ರ ಸರಾಸರಿ ಎಷ್ಟು ಕಷ್ಟವೆಂಬುದು ನನಗೆ ಅಲ್ಲಿ ತಿಳಿಯಿತು.

ಅಂಥ ಒಂದೆಡೆ ಹದಿನೇಳನೆಯ ಸರದಿಯ ಇಬ್ಬರು ತರುಣರು ನಮ್ಮನ್ನು ಹಿಂದೆ ಹಾಕಿ ಕೈಬೀಸಿ ಹೋದರು. ನಮಗಿಂತ ಮೂರು ನಿಮಿಷ ಹಿಂದೆ ಹೊರಟವರು ನಮ್ಮನ್ನು ದಾಟಿದರೆಂದರೆ ಲೆಕ್ಕ ಅವರ ಕೈತಪ್ಪಿತ್ತು. ನನ್ನ ಸವಾರನ ಹೆಗಲುಗಳು ಬಿಗಿದದ್ದು ಹಿಂದೆ ಕುಳಿತಿದ್ದ ನನಗೆ ತಿಳಿಯಿತು. “ಹೋಗಲಿ ಬಿಡು, ನಾವು ಆರು ಸೆಕೆಂಡು ಮುಂದಿದ್ದೇವೆ” ಎಂದೆನು. ಎರಡು ತಿರುವು ಕಳೆದಮೇಲೆ ಅವರ ಗಾಡಿ ಹುರುಳಿಯ ಹಾಸಿನಿಂದ ಜಾರಿ ರಸ್ತೆಯ ಅಂಚಿನಲ್ಲಿ ಮಲಗಿತ್ತು. ಓಡಿಸುತ್ತಿದ್ದವನು ಹೆಗಲು ಹಿಡಿದುಕೊಂಡು ಕುಳಿತಿದ್ದನು. ಹಿಂದಿನವನ ಹೆಲ್ಮೆಟ್ಟಿನ ಒಂದು ಮಗ್ಗುಲು ತರಿದು ಹೋಗಿತ್ತು. ತಲೆಗೆ ಏನೂ ಆಗಿರಲಿಲ್ಲ.

ನಾನು ಹೇಳುವ ಮೊದಲೇ ನನ್ನ ಹುಡುಗ ಗಾಡಿ ನಿಲ್ಲಿಸಿದ್ದನು. ಪುಸ್ತಕದ ಹಿಂಬದಿಯಲ್ಲಿದ್ದ ವೈದ್ಯರ ಸಂಖ್ಯೆಗೆ ಕರೆ ಮಾಡಿದನು. ಹಿಂದಿನಿಂದ ಬರುವವರಿಗೆ ಕಾಣುವಂತೆ ಇನ್ನೂರು ಹೆಜ್ಜೆ ಹಿಂದೆ ಹೋಗಿ ಕೈಯೆತ್ತಿ ನಿಂತನು. ಹೊಲದಿಂದ ಮುದುಕರೊಬ್ಬರು ಓಡಿಬಂದರು. ಬಿದ್ದವನಿಗೆ ನೀರು ಕುಡಿಸಿ, ಹುರುಳಿಯನ್ನು ಕೈಯಿಂದಲೇ ಬದಿಗೆ ಎಳೆಯುತ್ತ ಅವರು ನನಗೆ ಹೇಳಿದ ಮಾತು ಇದು:

“ನಮ್ಮ ಬೆಳೆಯಿಂದ ಹುಡುಗ ಬಿದ್ದ ಅಂತ ಹೊಟ್ಟೆ ಉರೀತದೆ ಸಾಮಿ. ಆದ್ರೆ ಎಲ್ಲಿ ಒಕ್ಕೋಣ? ಕಣ ಇದ್ದ ಜಾಗ ಪಾಲಾಯ್ತು. ಕಣ ಮಾಡಾಕೆ ರೋಣಗಲ್ಲೂ ಇಲ್ಲ, ಎತ್ತೂ ಇಲ್ಲ.”

ಅದಕ್ಕೆ ನಾನು ಏನು ಹೇಳಲಿ! ರಸ್ತೆಯಲ್ಲಿ ಒಕ್ಕಣೆ ಕೂಡದೆಂಬುದು ಸರಿ. ರಸ್ತೆ ರ್ಯಾಲಿಯವರದಲ್ಲವೆಂಬುದೂ ಅಷ್ಟೇ ಸರಿ. ನಾವು ಅಲ್ಲಿಗೆ ವರ್ಷಕ್ಕೊಮ್ಮೆ ಬರುವವರು. ಅವರು ದಿನವೂ ಅದರ ಮೇಲೆ ಬದುಕುವವರು.

ವೈದ್ಯರ ಗಾಡಿ ಬಂತು. ಕುತ್ತಿಗೆಯ ಕೆಳಗಿನ ಎಲುಬು ಬಿರುಕು ಬಿಟ್ಟಿದೆಯೆಂದು ಆಮೇಲೆ ತಿಳಿಯಿತು. ನಾವು ಹತ್ತೊಂಬತ್ತು ನಿಮಿಷ ಕಳೆದುಕೊಂಡಿದ್ದೆವು. ನಮ್ಮ ಚೀಟಿಯನ್ನು ನೋಡಿದ ಠಾಣೆಯವನು, ನೆರವಿಗೆ ನಿಂತ ಹೊತ್ತನ್ನು ಲೆಕ್ಕದಿಂದ ಕಳೆಯುವ ನಿಯಮವಿದೆಯೆಂದು ಹೇಳಿ ಗುರುತು ಹಾಕಿಕೊಂಡನು. ಜಗತ್ತಿನ ಅತಿ ಕಠಿಣ ರ್ಯಾಲಿಯೆನಿಸಿದ ಡಕಾರ್‌ನಲ್ಲಿಯೂ ಇದೇ ನಿಯಮ. ಬಿದ್ದವನ ಬಳಿ ನಿಂತ ಸವಾರನಿಗೆ ನಿಂತಷ್ಟು ಹೊತ್ತನ್ನು ಹಿಂದಕ್ಕೆ ಕೊಡುತ್ತಾರೆ.

ಡಕಾರ್‌ನ ಹೆಸರು ಬಂದುದರಿಂದ ಎರಡು ಮಾತು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಆ ರ್ಯಾಲಿಗೆ ಹೋದ ಮೊದಲ ಭಾರತೀಯ; ಮೊದಲ ಯತ್ನದಲ್ಲಿಯೇ ಕೊನೆಮುಟ್ಟಿ 36ನೆಯ ಸ್ಥಾನ ಪಡೆದರು. ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯ ಪಿಸ್ಸೆ ಬಾಹಾ ರ್ಯಾಲಿಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದರು. ಈ ಹೆಸರುಗಳು ನಮ್ಮ ಹುಡುಗರಿಗೆ ಬಾಯಿಪಾಠ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಸಂತೋಷ್ ಬಿದ್ದು ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿ, ಆಮೇಲೆ ಚೇತರಿಸಿಕೊಂಡು ಬಂದುದನ್ನೂ ಅವರು ಬಾಯಿಪಾಠ ಮಾಡಿಕೊಳ್ಳಬೇಕು. ಅವರು ಬಿದ್ದದ್ದು ತಡೆದ ಹಾದಿಯಲ್ಲಿ, ಹೆಲಿಕಾಪ್ಟರಿನ ನೆರವು ಕೈಗೆಟಕುವಲ್ಲಿ. ನಮ್ಮ ಹುಡುಗರು ಬೀಳುವುದು ಹುರುಳಿಯ ಮೇಲೆ, ಲಾರಿಯ ಮುಂದೆ.

ಹೊಳಲ್ಕೆರೆಯ ದಾರಿ

ಹೊಸದುರ್ಗದಲ್ಲಿ ಅರ್ಧ ಗಂಟೆ ಬಿಡುವು. ತೆಂಗಿನ ತೋಟಗಳ, ದಾಳಿಂಬೆಯ ತಾಲ್ಲೂಕು ಇದು; ಶಿವಸಂಚಾರದ ನಾಟಕಗಳಿಂದ ಹೆಸರಾದ ಸಾಣೇಹಳ್ಳಿ ಇರುವುದೂ ಇಲ್ಲಿಯೇ. ಠಾಣೆಯ ನೆರಳಿನಲ್ಲಿ ಸವಾರರು ಮೊದಲ ಬಾರಿಗೆ ಒಬ್ಬರನ್ನೊಬ್ಬರು ಕಂಡರು. ಬಿದ್ದವರ ಸುದ್ದಿ ಅಷ್ಟರಲ್ಲಿ ಬಂದಿತ್ತು, ಮಾತು ಕಡಮೆಯಾಗಿತ್ತು. ಬೆಳಿಗ್ಗೆ ಯೆಜ್ದಿಯನ್ನು ನೋಡಿ ನಕ್ಕಿದ್ದ ಹುಡುಗನೊಬ್ಬನು ಬಂದು ತನ್ನ ಪುಸ್ತಕವನ್ನು ಮುಂದೆ ಹಿಡಿದು, “ಸಾರ್, ಈ ಲೆಕ್ಕ ಹೆಂಗೆ ಮಾಡೋದು, ಸ್ವಲ್ಪ ಹೇಳಿಕೊಡ್ರಿ” ಎಂದನು. ಸ್ಪರ್ಧಿಗೆ ಹೇಳಿಕೊಡಬಹುದೇ ಎಂಬ ಸಂದೇಹ ನನಗೆ ಬರಲಿಲ್ಲ. ಅಲ್ಲಿ ಎಲ್ಲರೂ ಹಾಗೆಯೇ ಇದ್ದರು. ಒಬ್ಬರ ಸರಪಳಿಗೆ ಮತ್ತೊಬ್ಬರು ಎಣ್ಣೆ ಬಿಡುತ್ತಿದ್ದರು. ಒಬ್ಬರ ಟೈರಿಗೆ ಇನ್ನೊಬ್ಬರ ಪಂಪು. ಮೊದಲ ರ್ಯಾಲಿಗೆ ಹೋಗುವವನು ಒಂಟಿಯಾಗಿ ಹೋದರೂ ಒಂಟಿಯಾಗಿ ಉಳಿಯನು.

ಅಲ್ಲಿಂದ ಹೊಳಲ್ಕೆರೆಯವರೆಗೆ ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಹಿರಿಯೂರಿನ ಕುರುಚಲು ಬಯಲಿಗೂ ಈ ಕಡೆಗೂ ಎಷ್ಟು ಅಂತರ! ಅಡಕೆಯ ತೋಟಗಳು ಕಾಣತೊಡಗಿದವು. ಗಾಳಿಗೆ ತಂಪು ಬಂದಿತು. ತೋಟದ ನೆರಳು ರಸ್ತೆಯ ಮೇಲೆ ಬಿದ್ದಲ್ಲಿ ಹಳ್ಳವಿದ್ದರೂ ಕಾಣುವುದಿಲ್ಲ. ಬಿಸಿಲಿನಿಂದ ನೆರಳಿಗೆ ಹೊಗುವಾಗ ಒಂದು ಕ್ಷಣ ಕಣ್ಣು ಕುರುಡು. ಹೊಳಲ್ಕೆರೆಯ ಬಯಲು ಗಣಪತಿಗೆ ದೂರದಿಂದಲೇ ಕೈಮುಗಿದು, ಮಂಡಕ್ಕಿ ಮೆಣಸಿನಕಾಯಿ ತಿಂದು, ಕಡೆಯ ಸುಮಾರು 32 ಕಿಲೋಮೀಟರಿಗೆ ಹೊರಟೆವು. ಮಧ್ಯಾಹ್ನದ ಮೂರು ಗಂಟೆಯ ಬಿಸಿಲಿನಲ್ಲಿ, ಊಟವಾದಮೇಲೆ, ಊರು ಹತ್ತಿರವಾಯಿತೆಂಬ ಧೈರ್ಯದಲ್ಲಿ ಕಣ್ಣು ಎಳೆಯುತ್ತದೆ. ಅಪಾಯ ಹೆಚ್ಚಿರುವುದು ಆಗಲೇ. ಕೈಕಾಲಿನ ದಣಿವು ತಿಳಿಯುತ್ತದೆ. ಮನಸ್ಸಿನ ದಣಿವು ತಿಳಿಯುವುದಿಲ್ಲ. ನಾನು ಹಿಂದಿನಿಂದ ಕಿಲೋಮೀಟರಿಗೊಮ್ಮೆ ಹೊತ್ತು ಕೂಗುತ್ತ ಬಂದೆನು. ಲೆಕ್ಕಕ್ಕಿಂತ ಹೆಚ್ಚಾಗಿ ಅದು ಅವನನ್ನು ಎಚ್ಚರವಿಡುವ ಉಪಾಯವಾಗಿತ್ತು.

ದುರ್ಗದ ಬೆಟ್ಟಗಳು ಎದುರಿಗೆ ಎದ್ದು ನಿಂತಾಗ ನಾವು ಲೆಕ್ಕಕ್ಕಿಂತ ಹತ್ತು ಸೆಕೆಂಡು ಹಿಂದೆ ಇದ್ದೆವು. ಕೊನೆಯ ಠಾಣೆಯನ್ನು ಮುಟ್ಟಿದಾಗ ಚೀಟಿಯಲ್ಲಿ ನಿಮಿಷ ಸರಿಬಿದ್ದಿತು. ಫಲಿತಾಂಶಕ್ಕೆ ಮತ್ತೆ ಎರಡು ಗಂಟೆ ಕಾಯಬೇಕಾಯಿತು. ನಡುವೆ ತಕರಾರುಗಳು, ಮರುಲೆಕ್ಕ. ಮೂವತ್ತೆರಡು ವಾಹನಗಳಲ್ಲಿ ನಮ್ಮದು ಹನ್ನೊಂದನೆಯ ಸ್ಥಾನ. ಮೊದಲ ಸ್ಥಾನ ಪಡೆದವರು ಐವತ್ತು ದಾಟಿದ ದಂಪತಿಗಳು. ಗಂಡ ಸವಾರ, ಹೆಂಡತಿ ಲೆಕ್ಕಿಗರು. ಹೆದ್ದಾರಿಯಲ್ಲಿ ಅವರನ್ನು ಎಲ್ಲರೂ ಹಿಂದೆ ಹಾಕಿ ಹೋಗಿದ್ದರಂತೆ!

ಮೊದಲ ರ್ಯಾಲಿಗೆ ಹೊರಡುವವರಿಗೆ ನನ್ನ ಬಿನ್ನಹ ಇಷ್ಟು. ಸಾಧ್ಯವಾದರೆ ಮೊದಲು ಒಂದು ರ್ಯಾಲಿಯಲ್ಲಿ ಠಾಣೆಯಲ್ಲಿ ಕುಳಿತು ಹೊತ್ತು ಬರೆಯುವ ಕೆಲಸಕ್ಕೆ ಹೋಗಿ. ಯಾರು ಹೇಗೆ ಬರುತ್ತಾರೆಂಬುದನ್ನು ನೋಡಿದರೆ ಅರ್ಧ ವಿದ್ಯೆ ಬಂದಂತೆ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆಮಾಡಿ. ನೀರು ಹೆಚ್ಚು ಕುಡಿಯಿರಿ. ಹಿಂದೆ ಹಾಕಿದವನನ್ನು ಹಿಂದೆ ಹಾಕಲು ಹೋಗಬೇಡಿ. ಬಿದ್ದವನನ್ನು ಕಂಡರೆ ನಿಲ್ಲಿ. ರ್ಯಾಲಿ ಮುಗಿದಮೇಲೆ ಅದೇ ದಿನ ಇನ್ನೂರು ಕಿಲೋಮೀಟರು ಓಡಿಸಿಕೊಂಡು ಬೆಂಗಳೂರಿಗೆ ಹೊರಡುವವರಿದ್ದಾರೆ, ಅದು ಬೇಡ. ಒಂದು ರಾತ್ರಿ ಉಳಿದು, ಬೆಳಿಗ್ಗೆ ಕೋಟೆಯನ್ನು ಕಾಲ್ನಡಿಗೆಯಲ್ಲಿ ಹತ್ತಿ ನೋಡಿ ಹೋಗಿ.

ಸಂಘಟಕರಿಗೂ ಒಂದು ಮಾತು ಹೇಳಬೇಕಾಗಿದೆ. ಹಾದಿಯನ್ನು ಅಳೆಯುವುದಕ್ಕೆ ಅವರು ಎರಡು ಸಲ ಆ ಹಳ್ಳಿಗಳಲ್ಲಿ ಓಡಾಡಿದ್ದರು. ಮೂರನೆಯ ಸಲ ಹೋಗಿ, ಇಂಥ ದಿನ ಬರುತ್ತೇವೆ, ಅಂದು ಮಧ್ಯಾಹ್ನದವರೆಗೆ ರಸ್ತೆಯ ಒಂದು ಮಗ್ಗುಲನ್ನು ಬಿಟ್ಟುಕೊಡಿ ಎಂದು ರೈತರನ್ನು ಕೇಳಿಕೊಂಡಿದ್ದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. ರ್ಯಾಲಿ ಮುಗಿದಮೇಲಿನ ಸಭೆಯಲ್ಲಿ ನನ್ನ ವಿದ್ಯಾರ್ಥಿ ಎದ್ದು ಇದನ್ನು ಹೇಳಿದನು. ಮುಂದಿನ ಸಲ ಆ ಕೆಲಸವನ್ನು ಅವನ ಪಾಲಿಗೇ ವಹಿಸಿದ್ದಾರೆ. ಯೆಜ್ದಿಯ ಮೇಲೆ ಊರೂರಿಗೆ ಹೋಗಿ ಹೇಳಿಬರಬೇಕು. ಅವನ ತಾಯಿ ಈ ಸುದ್ದಿ ಕೇಳಿ, “ಹಂಗಾದ್ರೆ ಮೆಲ್ಲಗೇ ಹೋಗ್ತಾನೆ ಬಿಡ್ರಿ” ಎಂದರು.